ನಾಲ್ಕು ಸೆಲ್‌ಗಳು ಕೆಟ್ಟಿರಲಿಲ್ಲ: ಮಲೆನಾಡಿನ ಮನೆಯೊಂದರ ಲಿಥಿಯಂ ಬ್ಯಾಟರಿ ಪ್ಯಾಕ್‌ನ ಪ್ರಕರಣ ಅಧ್ಯಯನ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಯ ಕಡೆಗಿರುವ ಒಂದು ಅಡಿಕೆ ತೋಟದ ಮನೆಗೆ 2021ರ ಬೇಸಿಗೆಯಲ್ಲಿ 3 ಕಿಲೋವ್ಯಾಟ್ ಸೌರ ಫಲಕಗಳನ್ನೂ ಅದಕ್ಕೆ ತಕ್ಕ ಲಿಥಿಯಂ ಬ್ಯಾಟರಿ ಪ್ಯಾಕನ್ನೂ ಅಳವಡಿಸಲಾಗಿತ್ತು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕರೆಂಟ್ ಬಾರದಿರುವುದು ಆ ಭಾಗದಲ್ಲಿ ಸಾಮಾನ್ಯವಾದ್ದರಿಂದ, ಮನೆಯವರಿಗೆ ಬ್ಯಾಟರಿ ಒಂದು ಅನುಕೂಲಕ್ಕಿಂತ ಹೆಚ್ಚಾಗಿ ಅಗತ್ಯವೇ ಆಗಿತ್ತು. ಮೂರು ವರ್ಷ ತೊಂದರೆಯಿಲ್ಲದೆ ನಡೆದ ಈ ವ್ಯವಸ್ಥೆ 2024ರ ಅಕ್ಟೋಬರ್‌ನಲ್ಲಿ, ಮಳೆ ಹಿಂದೆ ಸರಿದು ಒಳ್ಳೆಯ ಬಿಸಿಲು ಬರತೊಡಗಿದ ಮೇಲೆ, ಕೈಕೊಡಲು ಆರಂಭಿಸಿತು. ಬೆಳಗಿನ ಹನ್ನೊಂದರ ಹೊತ್ತಿಗೆ ಬ್ಯಾಟರಿ ತಾನಾಗಿ ಚಾರ್ಜಿಂಗ್ ನಿಲ್ಲಿಸುತ್ತಿತ್ತು, ಇನ್‌ವರ್ಟರ್ ದೋಷದ ಸೂಚನೆ ಕೊಟ್ಟು ಕೂಗುತ್ತಿತ್ತು, ಮತ್ತು ರಾತ್ರಿ ಮೊದಲಿನಷ್ಟು ಹೊತ್ತು ದೀಪ ಉರಿಯುತ್ತಿರಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ಸುಮ್ಮನಿದ್ದ ಬ್ಯಾಟರಿ ಬಿಸಿಲು ಬಂದೊಡನೆ ಕೆಡುವುದೆಂದರೆ ಮನೆಯವರಿಗೆ ಅರ್ಥವಾಗದ ಸಂಗತಿಯಾಗಿತ್ತು.

ನನ್ನನ್ನು ಕರೆಯುವ ಮೊದಲೇ ಸ್ಥಳೀಯ ತಂತ್ರಜ್ಞರೊಬ್ಬರು ಪ್ಯಾಕನ್ನು ಪರೀಕ್ಷಿಸಿ ಒಂದು ತೀರ್ಮಾನಕ್ಕೆ ಬಂದಿದ್ದರು. ಮೊಬೈಲ್ ಆ್ಯಪ್‌ನಲ್ಲಿ ಸೆಲ್‌ಗಳ ವೋಲ್ಟೇಜ್ ವ್ಯತ್ಯಾಸ ಕೇವಲ 6 ಮಿಲಿವೋಲ್ಟ್ ಎಂದು ಕಂಡಿದ್ದರಿಂದ ಬ್ಯಾಲೆನ್ಸ್ (ಎಲ್ಲ ಸೆಲ್‌ಗಳಲ್ಲೂ ಚಾರ್ಜ್ ಸಮನಾಗಿರುವುದು) ಸರಿಯಾಗಿದೆ, ಆದರೆ ಲೋಡ್ ಹಾಕಿದಾಗ ಮೊದಲ ನಾಲ್ಕು ಸೆಲ್‌ಗಳು ಬೇಗ ಕುಸಿಯುವುದರಿಂದ ಅವು ಸತ್ತಿವೆ, ಅವನ್ನು ಬದಲಿಸಬೇಕು ಎಂಬುದು ಅವರ ಅಭಿಪ್ರಾಯ. ಹೊಸ ಸೆಲ್ ಬರುವವರೆಗೆ ಚಾರ್ಜಿಂಗ್ ನಿಲ್ಲದಿರಲೆಂದು ಪ್ರತಿ ಸೆಲ್‌ನ ಗರಿಷ್ಠ ಮಿತಿಯನ್ನು 3.65ರಿಂದ 3.75 ವೋಲ್ಟ್‌ಗೆ ಏರಿಸಬಹುದೆಂದೂ ಅವರು ಸೂಚಿಸಿದ್ದರು. ಮನೆಯವರು ಎರಡನ್ನೂ ಮಾಡದೆ ಕಾದದ್ದು ಒಳ್ಳೆಯದಾಯಿತು.

ಪ್ಯಾಕ್‌ನ ರಚನೆ

ಪ್ಯಾಕ್‌ನಲ್ಲಿ ತಲಾ 100 ಆಂಪಿಯರ್-ಗಂಟೆ ಸಾಮರ್ಥ್ಯದ 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ಸರಣಿಯಲ್ಲಿ ಜೋಡಣೆಯಾಗಿವೆ. ಒಂದು ಸೆಲ್‌ನ ಸಾಮಾನ್ಯ ವೋಲ್ಟೇಜ್ 3.2 ಆಗಿರುವುದರಿಂದ ಪ್ಯಾಕ್‌ನದು 51.2 ವೋಲ್ಟ್, ಒಟ್ಟು ಶಕ್ತಿ ಸುಮಾರು 5.1 ಕಿಲೋವ್ಯಾಟ್-ಗಂಟೆ. ಇವುಗಳ ಮೇಲೊಂದು ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ, ಅಂದರೆ ಬಿಎಂಎಸ್, ಕಾವಲಿದೆ. ಯಾವುದೇ ಒಂದು ಸೆಲ್ 3.65 ವೋಲ್ಟ್ ಮುಟ್ಟಿದರೆ ಅದು ಇಡೀ ಪ್ಯಾಕ್‌ನ ಚಾರ್ಜಿಂಗನ್ನು ಕಡಿಯುತ್ತದೆ. ಯಾವುದೇ ಒಂದು ಸೆಲ್ 2.5 ವೋಲ್ಟ್‌ಗೆ ಇಳಿದರೆ ಇಡೀ ಪ್ಯಾಕ್‌ನಿಂದ ಕರೆಂಟ್ ಹೊರಹೋಗುವುದನ್ನು ತಡೆಯುತ್ತದೆ. ಸರಣಿಯಲ್ಲಿರುವ ಸೆಲ್‌ಗಳಲ್ಲೆಲ್ಲ ಒಂದೇ ಕರೆಂಟ್ ಹರಿಯುವ ಕಾರಣ ಮೊದಲು ತುಂಬಿದ ಸೆಲ್ ಚಾರ್ಜಿಂಗನ್ನು ನಿಲ್ಲಿಸುತ್ತದೆ, ಮೊದಲು ಬರಿದಾದ ಸೆಲ್ ಬಳಕೆಯನ್ನು ನಿಲ್ಲಿಸುತ್ತದೆ, ಉಳಿದ ಸೆಲ್‌ಗಳಲ್ಲಿ ಜಾಗವಿದ್ದರೂ ಚಾರ್ಜ್ ಇದ್ದರೂ ಅದು ಯಾರ ಉಪಯೋಗಕ್ಕೂ ಬರುವುದಿಲ್ಲ.

ಈ ಬಿಎಂಎಸ್‌ನಲ್ಲಿದ್ದದ್ದು ಪ್ಯಾಸಿವ್ ಬ್ಯಾಲೆನ್ಸಿಂಗ್. ಚಾರ್ಜ್ ಆಗುತ್ತಿರುವಾಗ ಯಾವ ಸೆಲ್ 3.45 ವೋಲ್ಟ್ ದಾಟಿ ಉಳಿದವುಗಳಿಗಿಂತ ಮುಂದಿರುತ್ತದೆಯೋ ಅದರ ಎರಡು ತುದಿಗಳ ನಡುವೆ ಒಂದು ರೆಸಿಸ್ಟರ್ ಜೋಡಿಸಿ, ಸುಮಾರು 60 ಮಿಲಿಆಂಪಿಯರ್ ಕರೆಂಟನ್ನು ಶಾಖವಾಗಿ ಕಳೆಯುವ ಸರಳ ವಿಧಾನ ಇದು. ಮುಂದಿರುವ ಸೆಲ್ ಹೀಗೆ ಸ್ವಲ್ಪ ಹಿಂದೆ ಉಳಿದಾಗ ಇತರ ಸೆಲ್‌ಗಳು ಅದನ್ನು ಬಂದು ಸೇರುತ್ತವೆ. ಇದರಲ್ಲಿ ಎರಡು ಷರತ್ತುಗಳನ್ನು ಗಮನಿಸಬೇಕು. ಕೆಲಸ ನಡೆಯುವುದು ಪ್ಯಾಕ್ ಬಹುತೇಕ ತುಂಬಿದಾಗ ಮಾತ್ರ, ಮತ್ತು ಅದರ ವೇಗ ಗಂಟೆಗೆ 0.06 ಆಂಪಿಯರ್-ಗಂಟೆಯಷ್ಟು ಅಲ್ಪ. ಈ ಪ್ರಕರಣದ ಅರ್ಧ ಉತ್ತರ ಈ ಎರಡು ಷರತ್ತುಗಳಲ್ಲಿಯೇ ಅಡಗಿತ್ತು.

6 ಮಿಲಿವೋಲ್ಟ್ ಏನನ್ನೂ ಹೇಳುವುದಿಲ್ಲ

ನಾನು ಹೋದ ಬೆಳಿಗ್ಗೆ ಬಿಸಿಲೇರುವ ಮೊದಲು, ಲೋಡ್ ತೆಗೆದು ಪ್ಯಾಕ್ ವಿಶ್ರಾಂತಿಯಲ್ಲಿದ್ದಾಗ, ಆ್ಯಪ್ ತೋರಿಸುತ್ತಿದ್ದ ಅಂಕಿಗಳು ನಿಜವಾಗಿಯೂ ಚೆಂದವಾಗಿದ್ದವು. ಪ್ಯಾಕ್ ಒಟ್ಟು 52.7 ವೋಲ್ಟ್, ಅತ್ಯಂತ ಕಡಿಮೆಯ ಸೆಲ್ 3.291, ಅತ್ಯಂತ ಹೆಚ್ಚಿನದು 3.297. ಆದರೆ ಈ ರಸಾಯನದ ಸೆಲ್‌ಗಳಲ್ಲಿ ಅರ್ಧದಷ್ಟು ಚಾರ್ಜ್ ಇರುವಾಗಿನ ವೋಲ್ಟೇಜ್ ವ್ಯತ್ಯಾಸವನ್ನು ನೋಡಿ ಬ್ಯಾಲೆನ್ಸ್ ಬಗ್ಗೆ ಮಾತನಾಡಲು ಬರುವುದಿಲ್ಲ.

ಇದಕ್ಕೆ ಕಾರಣ ಆ ವಸ್ತುವಿನ ಸ್ವಭಾವದಲ್ಲಿದೆ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್ 1997ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿಯೇ ಇದು ಸ್ಪಷ್ಟವಾಗಿತ್ತು. ಐರನ್ ಫಾಸ್ಫೇಟ್‌ನ ಎಲೆಕ್ಟ್ರೋಡ್‌ನೊಳಗೆ ಲಿಥಿಯಂ ತುಂಬಿದ ರೂಪ ಮತ್ತು ಲಿಥಿಯಂ ಇಲ್ಲದ ರೂಪ ಎರಡೂ ಅಕ್ಕಪಕ್ಕದಲ್ಲಿ ಇರುತ್ತವೆ. ಚಾರ್ಜ್ ಆದಂತೆ ಒಂದರ ಪಾಲು ಕಡಿಮೆಯಾಗಿ ಇನ್ನೊಂದರದು ಹೆಚ್ಚುತ್ತದೆಯೇ ಹೊರತು ವೋಲ್ಟೇಜ್ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಸುಮಾರು ಶೇ 20ರಿಂದ ಶೇ 90ರವರೆಗೆ ಸೆಲ್‌ನ ವೋಲ್ಟೇಜ್ ಹೆಚ್ಚುಕಡಿಮೆ ಸಮತಟ್ಟಾಗಿಯೇ ಸಾಗುತ್ತದೆ. ಒಂದು ಸೆಲ್ ಶೇ 45ರಲ್ಲಿ, ಇನ್ನೊಂದು ಶೇ 56ರಲ್ಲಿ ಇದ್ದರೂ ಮೀಟರ್‌ನಲ್ಲಿ ಕಾಣುವ ವ್ಯತ್ಯಾಸ ಕೆಲವೇ ಮಿಲಿವೋಲ್ಟ್. ಅನೇಕ ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಿ ಬಳಸುವ ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಸೆಲ್‌ಗಳು ಹಾಗಲ್ಲ. ಅವುಗಳ ವೋಲ್ಟೇಜ್ 4.2ರಿಂದ ಕೆಳಕ್ಕೆ ಇಳಿಜಾರಿನಲ್ಲಿ ಬರುವುದರಿಂದ ಯಾವ ಹಂತದಲ್ಲಿ ಅಳೆದರೂ ಚಾರ್ಜ್‌ನ ಅಂದಾಜು ಸಿಗುತ್ತದೆ. ಅಂಥ ಪ್ಯಾಕ್‌ಗಳ ಮೇಲೆ ಕೈ ಪಳಗಿದವರು ಅದೇ ಅಳತೆಯನ್ನು ಇಲ್ಲಿಗೂ ತರುವುದು ಸಹಜ, ಮತ್ತು ಒಳ್ಳೆಯ ಸೆಲ್‌ಗಳನ್ನು ಕೆಟ್ಟವೆಂದು ಎಸೆಯುವ ಬಹಳಷ್ಟು ಪ್ರಸಂಗಗಳು ಇಲ್ಲಿಂದಲೇ ಹುಟ್ಟುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಐರನ್ ಫಾಸ್ಫೇಟ್ ಸೆಲ್ ತನ್ನ ನಿಜಸ್ಥಿತಿಯನ್ನು ತಿಳಿಸುವುದು ವೋಲ್ಟೇಜ್ ವಕ್ರರೇಖೆಯ ಎರಡು ತುದಿಗಳಲ್ಲಿ, ಅಂದರೆ ಬಹುತೇಕ ತುಂಬಿದಾಗ ಮತ್ತು ಬಹುತೇಕ ಬರಿದಾದಾಗ ಮಾತ್ರ. ಆದ್ದರಿಂದ ಪ್ಯಾಕನ್ನು ಎರಡೂ ತುದಿಗಳಿಗೆ ಕೊಂಡೊಯ್ದು ನೋಡುವುದೆಂದು ನಿರ್ಧರಿಸಿದೆ.

ಎರಡು ತುದಿಗಳ ಅಳತೆ

ಮೊದಲು ಮೇಲಿನ ತುದಿ. 25 ಆಂಪಿಯರ್‌ನಲ್ಲಿ ಚಾರ್ಜ್ ಮಾಡುತ್ತ ಹೋದಾಗ ಬಹಳ ಹೊತ್ತು ಎಲ್ಲ ಸೆಲ್‌ಗಳೂ ಒಟ್ಟಿಗೇ ಸಾಗಿದವು. ಕೊನೆಯ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಚಿತ್ರ ಒಡೆಯಿತು. ಐದರಿಂದ ಹದಿನಾರರವರೆಗಿನ ಸೆಲ್‌ಗಳು ಒಂದು ಗುಂಪಾಗಿ ಮೇಲೇರಿದವು, 1ರಿಂದ 4ರವರೆಗಿನವು 3.37 ವೋಲ್ಟ್‌ನ ಆಸುಪಾಸಿನಲ್ಲಿಯೇ ನಿಂತವು. ಹದಿಮೂರನೆಯ ಸೆಲ್ 3.65 ಮುಟ್ಟಿದ ಕ್ಷಣಕ್ಕೆ ಬಿಎಂಎಸ್ ಟ್ರಿಪ್ ಆಯಿತು. ಆಗ ಪ್ಯಾಕ್‌ನ ಒಟ್ಟು ವೋಲ್ಟೇಜ್ 55.9. ಇನ್‌ವರ್ಟರ್‌ನಲ್ಲಿ ಚಾರ್ಜಿಂಗ್ ಗುರಿ 56.8 ವೋಲ್ಟ್ ಎಂದಿದ್ದುದರಿಂದ, ಅದರ ದೃಷ್ಟಿಯಲ್ಲಿ ಬ್ಯಾಟರಿ ಇನ್ನೂ ತುಂಬಿರಲಿಲ್ಲ, ಕರೆಂಟ್ ತಗ್ಗಿಸುವ ಪ್ರಶ್ನೆಯೇ ಇರಲಿಲ್ಲ. ಪೂರ್ಣ ಕರೆಂಟ್ ಹರಿಯುತ್ತಿರುವಾಗಲೇ ಬ್ಯಾಟರಿ ಕಡಿದುಹೋಗುವುದರಿಂದ ಇನ್‌ವರ್ಟರ್ ದೋಷ ತೋರಿಸುತ್ತಿತ್ತು. ಬಿಸಿಲು ಬಂದ ಮೇಲಷ್ಟೇ ತೊಂದರೆ ಕಾಣಿಸಿಕೊಂಡದ್ದಕ್ಕೆ ಕಾರಣ ಇದು. ಮಳೆಗಾಲದಲ್ಲಿ ಪ್ಯಾಕ್ ಈ ತುದಿಯ ಹತ್ತಿರಕ್ಕೇ ಬಂದಿರಲಿಲ್ಲ.

ಸಡಿಲವಾದ ಜೋಡಣೆಯೂ ಇಂಥದ್ದೇ ಲಕ್ಷಣವನ್ನು ತೋರಿಸಬಲ್ಲದು. ಸೆಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಲೋಹದ ಪಟ್ಟಿಯ, ಅಂದರೆ ಬಸ್‌ಬಾರ್‌ನ, ನಟ್ ಸಡಿಲವಾಗಿ 1 ಮಿಲಿಓಮ್ ರೋಧ ಹೆಚ್ಚಿದರೂ 25 ಆಂಪಿಯರ್‌ನಲ್ಲಿ ಆ ಸೆಲ್‌ನ ಅಳತೆ 25 ಮಿಲಿವೋಲ್ಟ್ ಹುಸಿಯಾಗಿ ಏರುತ್ತದೆ. ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ ಪ್ರತಿ ಜೋಡಣೆಯ ಎರಡು ಬದಿಗೆ ಮಲ್ಟಿಮೀಟರ್ ಹಿಡಿದು ನೋಡಿದೆ. ಎಲ್ಲಿಯೂ 2 ಮಿಲಿವೋಲ್ಟ್ ಮೀರಲಿಲ್ಲ.

ಕೆಳಗಿನ ತುದಿಯನ್ನು ನೋಡಲು 1 ಕಿಲೋವ್ಯಾಟ್‌ನ ಇಮ್ಮರ್ಶನ್ ಹೀಟರನ್ನು ನೀರಿನ ಬಕೆಟ್‌ಗಳಿಗೆ ಇಳಿಬಿಟ್ಟು, ಸುಮಾರು 21 ಆಂಪಿಯರ್‌ನಲ್ಲಿ ಪ್ಯಾಕನ್ನು ಖಾಲಿ ಮಾಡಲಾಯಿತು. 85 ಆಂಪಿಯರ್-ಗಂಟೆ ಹೊರಬಂದಾಗ ಎರಡನೆಯ ಸೆಲ್ 2.5ಕ್ಕೆ ಕುಸಿಯಿತು, 1, 3 ಮತ್ತು 4 ಅದರ ಬೆನ್ನಿಗೇ ಇದ್ದವು. ಉಳಿದ ಹನ್ನೆರಡು ಸೆಲ್‌ಗಳು ಆಗಲೂ 3.1 ವೋಲ್ಟ್‌ಗಿಂತ ಮೇಲೆಯೇ ಇದ್ದವು.

ಈಗ ಎರಡು ತುದಿಗಳನ್ನೂ ಒಟ್ಟಿಗೆ ಓದಬೇಕು. ಸಾಮರ್ಥ್ಯ ಕಳೆದುಕೊಂಡ ಸೆಲ್ ಬೇಗ ಬರಿದಾಗುತ್ತದೆ ನಿಜ, ಆದರೆ ಮತ್ತೆ ಚಾರ್ಜ್ ಮಾಡುವಾಗ ಅದು ಬೇಗ ತುಂಬಲೂ ಬೇಕು, ಕನಿಷ್ಠ ಉಳಿದವುಗಳ ಜೊತೆಗಾದರೂ ತುಂಬಬೇಕು. ಇಲ್ಲಿ ಬೇಗ ಬರಿದಾಗುತ್ತಿದ್ದ ನಾಲ್ಕು ಸೆಲ್‌ಗಳು ಚಾರ್ಜ್ ಮಾಡುವಾಗ ಎಲ್ಲಕ್ಕಿಂತ ಹಿಂದೆ ಉಳಿಯುತ್ತಿದ್ದವು. ಎರಡು ತುದಿಗಳಲ್ಲೂ ಹಿಂದೆ ಇರುವ ಸೆಲ್‌ನ ಪಾತ್ರೆ ಚಿಕ್ಕದಾಗಿಲ್ಲ, ಅದರೊಳಗೆ ಚಾರ್ಜ್ ಕಡಿಮೆಯಿದೆ, ಅಷ್ಟೆ. ಸಾಮರ್ಥ್ಯದ ಕೊರತೆಯನ್ನು ಯಾವ ಬ್ಯಾಲೆನ್ಸಿಂಗ್ ಕೂಡ ತುಂಬಿಕೊಡಲಾರದು. ಚಾರ್ಜ್‌ನ ಅಸಮತೋಲವನ್ನಾದರೆ ಪೂರ್ತಿಯಾಗಿ ಸರಿಪಡಿಸಬಹುದು. ಹೊಸ ಸೆಲ್ ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ನಾಲ್ಕೇ ಏಕೆ, ಅಕ್ಕಪಕ್ಕದವೇ ಏಕೆ

ಸೆಲ್‌ಗಳು ತಮ್ಮಷ್ಟಕ್ಕೆ ಅಸಮವಾಗುವುದು ಸ್ವಯಂ ವಿಸರ್ಜನೆಯ, ಅಂದರೆ ಬಳಸದಿದ್ದರೂ ಚಾರ್ಜ್ ತಾನಾಗಿ ಸೋರುವುದರ, ಸಣ್ಣ ವ್ಯತ್ಯಾಸಗಳಿಂದ. ಅಂಥ ಅಸಮತೋಲಕ್ಕೆ ಕ್ರಮವಿರುವುದಿಲ್ಲ. ಮೂರನೆಯದು, ಒಂಬತ್ತನೆಯದು, ಹದಿನಾಲ್ಕನೆಯದು ಎಂದು ಚದುರಿಕೊಂಡಿರುತ್ತದೆ. ಋಣ ತುದಿಯಿಂದ ಆರಂಭಿಸಿ ಸರಿಯಾಗಿ ನಾಲ್ಕು ಸೆಲ್‌ಗಳು, ಬಹುತೇಕ ಒಂದೇ ಪ್ರಮಾಣದಲ್ಲಿ ಹಿಂದೆ ಬಿದ್ದಿದ್ದರೆ ಆ ನಾಲ್ಕರಿಂದ ಹೊರಗಿನ ಯಾವುದೋ ಒಂದು ವಸ್ತು ಕರೆಂಟ್ ಎಳೆಯುತ್ತಿರಬೇಕು. ನಾಲ್ಕು ಸೆಲ್ ಎಂದರೆ 12.8 ವೋಲ್ಟ್. ಇದು ಹೊಳೆದ ಮೇಲೆ ಪ್ಯಾಕ್‌ನ ಮುಚ್ಚಳವನ್ನು ಪೂರ್ತಿ ಬಿಚ್ಚಿ ತಂತಿಗಳನ್ನು ಒಂದೊಂದಾಗಿ ಹಿಂಬಾಲಿಸಿದೆ.

ನಾಲ್ಕನೆಯ ಸೆಲ್‌ನ ಧನ ತುದಿಯಲ್ಲಿ, ಬಿಎಂಎಸ್‌ನ ತಂತಿ ಇರುವ ನಟ್‌ನ ಕೆಳಗೇ, ಇನ್ನೊಂದು ಸಣ್ಣ ಕೆಂಪು ತಂತಿಯ ಲಗ್ (ತಂತಿಯ ತುದಿಯ ಲೋಹದ ಬಳೆ) ಸಿಕ್ಕಿಸಲಾಗಿತ್ತು. ಅದರ ಜೊತೆಗಾರ ಕಪ್ಪು ತಂತಿ ಪ್ಯಾಕ್‌ನ ಋಣ ತುದಿಯಿಂದ ಹೊರಟಿತ್ತು. ಎರಡೂ ಗೋಡೆಯ ಪೈಪ್‌ನೊಳಗೆ ಹೋಗಿ ಜಗಲಿಯಲ್ಲಿ ಬೆಂಕಿಪೊಟ್ಟಣದ ಗಾತ್ರದ ಒಂದು ಡಿಸ್‌ಪ್ಲೇ ಮೀಟರ್ ಸೇರಿದ್ದವು. ಫೋನ್ ಬಳಸದ ಹಿರಿಯರೊಬ್ಬರಿಗೆ ಬ್ಯಾಟರಿಯ ಮಟ್ಟ ಕೂತಲ್ಲಿಂದಲೇ ಕಾಣಲಿ ಎಂದು 2024ರ ಫೆಬ್ರವರಿಯಲ್ಲಿ ಅದನ್ನು ಹಾಕಿಸಲಾಗಿತ್ತು. ಪೇಟೆಯಲ್ಲಿ ಸಿಕ್ಕಿದ್ದು 12 ವೋಲ್ಟ್‌ನ ಲೆಡ್-ಆ್ಯಸಿಡ್ ಬ್ಯಾಟರಿಯ ಮೀಟರ್, ಆದ್ದರಿಂದ ಅದಕ್ಕೆ ಹೊಂದುವಂತೆ ನಾಲ್ಕು ಸೆಲ್‌ಗಳಿಗೆ ಜೋಡಿಸಿದ್ದರು. ಆ ತಂತಿಗೆ ಫ್ಯೂಸ್ ಇರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಗೋಡೆಯೊಳಗೆ ಇಲಿ ಕಡಿದು ಅದು ಶಾರ್ಟ್ ಆಗಿದ್ದರೆ ಆ ಸೆಲ್‌ಗಳು ನೂರಾರು ಆಂಪಿಯರ್ ಸುರಿಸುತ್ತಿದ್ದವು, ತಂತಿ ಕಾದು ಉರಿಯುತ್ತಿತ್ತು, ಮತ್ತು ಆ ದಾರಿ ಬಿಎಂಎಸ್‌ನ ಸ್ವಿಚ್‌ಗಳ ಮೂಲಕ ಹಾದುಹೋಗದ ಕಾರಣ ಅದನ್ನು ಕಡಿಯಲು ಯಾವ ರಕ್ಷಣೆಯೂ ಇರಲಿಲ್ಲ.

ಮೀಟರಿನ ಸಾಲಿನಲ್ಲಿ ಮಲ್ಟಿಮೀಟರ್ ಸೇರಿಸಿ ನೋಡಿದಾಗ ಅದು ಎಳೆಯುತ್ತಿದ್ದದ್ದು 3.9 ಮಿಲಿಆಂಪಿಯರ್. ಇಷ್ಟು ಸಣ್ಣ ಅಂಕಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಅದು ಹಗಲಿರುಳೂ ಎಳೆಯುತ್ತದೆ. ದಿನಕ್ಕೆ ಸುಮಾರು 94 ಮಿಲಿಆಂಪಿಯರ್-ಗಂಟೆ. ಬೇಸಿಗೆಯಲ್ಲಿ ಪ್ಯಾಕ್ ಪ್ರತಿದಿನ ಮಧ್ಯಾಹ್ನದೊಳಗೆ ತುಂಬಿ ಎರಡು ಗಂಟೆ ಮೇಲಿನ ತುದಿಯಲ್ಲಿ ನಿಲ್ಲುತ್ತಿತ್ತು. ಆ ಎರಡು ಗಂಟೆಗಳಲ್ಲಿ 60 ಮಿಲಿಆಂಪಿಯರ್‌ನಂತೆ ಮೇಲಿನ ಹನ್ನೆರಡು ಸೆಲ್‌ಗಳಿಂದ ತಲಾ 120 ಮಿಲಿಆಂಪಿಯರ್-ಗಂಟೆಯವರೆಗೆ ಕಳೆಯಲು ಬ್ಯಾಲೆನ್ಸರ್‌ಗೆ ಸಾಧ್ಯವಿತ್ತು. ಮೀಟರ್ ತಂದ ವ್ಯತ್ಯಾಸವನ್ನು ಬ್ಯಾಲೆನ್ಸರ್ ಅಂದಂದಿಗೇ ಸರಿಮಾಡುತ್ತ ಬಂದದ್ದರಿಂದ ಫೆಬ್ರವರಿಯಿಂದ ಜೂನ್‌ವರೆಗೆ ಯಾರಿಗೂ ಏನೂ ತಿಳಿಯಲಿಲ್ಲ. ಮಳೆ ಹಿಡಿದ ಮೇಲೆ ಫಲಕಗಳಿಂದ ಬರುವುದು ಮನೆಯ ಬಳಕೆಗೇ ಸಾಲದಾಯಿತು. ಸೆಲ್‌ಗಳು 3.45 ವೋಲ್ಟ್ ಕಂಡದ್ದು ಜೂನ್ ಎರಡನೆಯ ವಾರದಲ್ಲಿ ಕೊನೆಯ ಬಾರಿ ಎಂದು ಆ್ಯಪ್‌ನ ದಾಖಲೆ ತೋರಿಸುತ್ತಿತ್ತು. ಅಲ್ಲಿಂದ ಅಕ್ಟೋಬರ್‌ವರೆಗೆ ಸುಮಾರು 120 ದಿನ ಮೀಟರ್ ತನ್ನ ಕೆಲಸ ಮಾಡಿತು, ಬ್ಯಾಲೆನ್ಸರ್‌ಗೆ ಕೆಲಸ ಮಾಡುವ ಅವಕಾಶವೇ ಸಿಗಲಿಲ್ಲ. 3.9 ಮಿಲಿಆಂಪಿಯರ್‌ನಂತೆ 120 ದಿನಕ್ಕೆ ಲೆಕ್ಕ ಹಾಕಿದರೆ 11.2 ಆಂಪಿಯರ್-ಗಂಟೆಯಷ್ಟಾಗುತ್ತದೆ.

ಬಿಸಿಲು ಬಂದ ಮೇಲೆ ಬ್ಯಾಲೆನ್ಸರ್ ಇದನ್ನು ತಾನಾಗಿ ಸರಿಪಡಿಸಲಾರದೇ ಎಂದು ಮನೆಯವರು ಕೇಳಿದರು. ದಿನಕ್ಕೆ 120 ಕಳೆದರೂ ಮೀಟರ್ 94 ಎಳೆಯುತ್ತಿದ್ದರೆ ಉಳಿಯುವ ಲಾಭ 26 ಮಿಲಿಆಂಪಿಯರ್-ಗಂಟೆ ಮಾತ್ರ. ಆ ವೇಗದಲ್ಲಿ 11.2 ಆಂಪಿಯರ್-ಗಂಟೆ ತುಂಬಲು ಒಂದು ವರ್ಷಕ್ಕಿಂತ ಹೆಚ್ಚು ಬೇಕು, ಅಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದಿರುತ್ತದೆ. ಅದೂ ಅಲ್ಲದೆ ಹದಿಮೂರನೆಯ ಸೆಲ್ ಪ್ರತಿದಿನ ಟ್ರಿಪ್ ಮಾಡುತ್ತಿರುವಾಗ ಆ ಎರಡು ಗಂಟೆಗಳೂ ಸಿಗುತ್ತಿರಲಿಲ್ಲ.

ಮಿತಿಯನ್ನು ಏರಿಸುವ ಸಲಹೆಯ ಬಗ್ಗೆ

3.65ರ ಮಿತಿಯನ್ನು 3.75ಕ್ಕೆ ಏರಿಸಿದ್ದರೆ ಟ್ರಿಪ್ ಆಗುವುದು ಕೆಲವು ನಿಮಿಷ ಮುಂದಕ್ಕೆ ಹೋಗುತ್ತಿತ್ತಷ್ಟೆ, ಏಕೆಂದರೆ ಆ ತುದಿಯಲ್ಲಿ ವೋಲ್ಟೇಜ್ ಬಹಳ ಕಡಿದಾಗಿ ಏರುತ್ತದೆ. ಅದಕ್ಕೆ ಬದಲಾಗಿ ಒಳ್ಳೆಯ ಹನ್ನೆರಡು ಸೆಲ್‌ಗಳು ದಿನವೂ ಅತಿಯಾಗಿ ಚಾರ್ಜ್ ಆಗಿ ಅವುಗಳ ಎಲೆಕ್ಟ್ರೋಲೈಟ್ ಹಾಳಾಗುತ್ತಿತ್ತು. ಗ್ರಾಫೈಟ್ ಎಲೆಕ್ಟ್ರೋಡ್‌ನ ಮೇಲೆ ಲೋಹರೂಪದ ಲಿಥಿಯಂ ಕೂರುವ ಅಪಾಯವೂ ಹೆಚ್ಚುತ್ತಿತ್ತು. ಬಿಎಂಎಸ್ ಪದೇಪದೇ ಟ್ರಿಪ್ ಆಗುತ್ತಿದೆಯೆಂದರೆ ಅದು ತನ್ನ ಕರ್ತವ್ಯವನ್ನು ಮಾಡುತ್ತಿದೆ. ಅದರ 3.65 ಮತ್ತು 2.5 ವೋಲ್ಟ್‌ನ ಎರಡು ಮಿತಿಗಳನ್ನು ಯಾವ ಕಾರಣಕ್ಕೂ ಸಡಿಲಿಸಬಾರದು.

ನಾಲ್ಕು ಹೊಸ ಸೆಲ್ ತರಿಸಿದ್ದರೂ ಸಮಸ್ಯೆ ತೀರುತ್ತಿರಲಿಲ್ಲ. ಕಾರ್ಖಾನೆಯಿಂದ ಬರುವ ಸೆಲ್‌ಗಳನ್ನು ಸಾಗಣೆಯ ಸುರಕ್ಷತೆಗಾಗಿ ಭಾಗಶಃ ಮಾತ್ರ ಚಾರ್ಜ್ ಮಾಡಿರುತ್ತಾರೆ. ಅವನ್ನು ಹಾಗೆಯೇ ಕೂರಿಸಿದ್ದರೆ ಅಸಮತೋಲ ಇನ್ನೂ ಹೆಚ್ಚುವ ಸಾಧ್ಯತೆಯಿತ್ತು, ಮತ್ತು ಅದೇ ನಟ್‌ನ ಕೆಳಗೆ ಅದೇ ಕೆಂಪು ತಂತಿ ಮತ್ತೆ ಸೇರುತ್ತಿತ್ತು.

ಸರಿಪಡಿಸಿದ ಕ್ರಮ

ಮೊದಲು ಮೀಟರಿನ ತಂತಿಗಳನ್ನು ತೆಗೆಯಲಾಯಿತು. ಬಳಿಕ ಪ್ಯಾಕನ್ನು ಕಡಿಮೆ ಕರೆಂಟ್‌ನಲ್ಲಿ, ಹದಿಮೂರನೆಯ ಸೆಲ್ 3.55 ವೋಲ್ಟ್ ತಲುಪುವವರೆಗೆ ಚಾರ್ಜ್ ಮಾಡಿ, ಇನ್‌ವರ್ಟರ್ ಬಂದ್ ಮಾಡಿ, ಮುಖ್ಯ ಬ್ರೇಕರನ್ನು ತೆರೆಯಲಾಯಿತು. ಆಮೇಲೆ 1ರಿಂದ 4ರವರೆಗಿನ ಸೆಲ್‌ಗಳ ಗುಂಪಿಗೆ ಮಾತ್ರ 14.2 ವೋಲ್ಟ್ ಮತ್ತು 5 ಆಂಪಿಯರ್‌ಗೆ ಮಿತಿಗೊಳಿಸಿದ ಪವರ್ ಸಪ್ಲೈ ಜೋಡಿಸಿದೆ. ಹೀಗೆ ಮಾಡುವಾಗ ಒಂದು ವಿಷಯದಲ್ಲಿ ಬಹಳ ಎಚ್ಚರ ಬೇಕು. ಬಿಎಂಎಸ್‌ಗೆ ಆ ಸೆಲ್‌ಗಳ ವೋಲ್ಟೇಜ್ ಕಾಣಿಸುತ್ತದೆ, ಆದರೆ ಹೊರಗಿನಿಂದ ನೇರವಾಗಿ ಬರುವ ಈ ಚಾರ್ಜನ್ನು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಪವರ್ ಸಪ್ಲೈ ಕೂಡ ನಾಲ್ಕರ ಮೊತ್ತವನ್ನು ಮಾತ್ರ ನೋಡುತ್ತದೆ. ಒಂದು ಸೆಲ್ 3.7ಕ್ಕೆ ಏರಿ ಇನ್ನೊಂದು 3.4ರಲ್ಲಿ ಇದ್ದರೂ ಅದಕ್ಕೆ ಎಲ್ಲವೂ ಸರಿಯೇ. ಆದ್ದರಿಂದ ಮನುಷ್ಯರೊಬ್ಬರು ಪಕ್ಕದಲ್ಲಿಯೇ ಕುಳಿತು ಪ್ರತಿ ಸೆಲ್ಲನ್ನೂ ಅಳೆಯುತ್ತಿರಬೇಕು, ಎದ್ದು ಊಟಕ್ಕೆ ಹೋಗುವುದಾದರೆ ಸಪ್ಲೈ ಬಂದ್ ಮಾಡಿಯೇ ಹೋಗಬೇಕು. ಸಮಯವಿದ್ದವರು ಸೆಲ್‌ಗಳನ್ನು ಒಂದೊಂದಾಗಿ 3.55 ವೋಲ್ಟ್‌ನಲ್ಲಿ ಚಾರ್ಜ್ ಮಾಡುವುದು ಇನ್ನೂ ಸುರಕ್ಷಿತ.

ಎರಡು ಗಂಟೆಗೆ ಸ್ವಲ್ಪ ಮೇಲೆ ಕರೆಂಟ್ ಇಳಿಯತೊಡಗಿತು. 1 ಆಂಪಿಯರ್‌ಗೆ ಬಂದಾಗ ನಿಲ್ಲಿಸಿದೆ. ಆ ನಾಲ್ಕು ಸೆಲ್‌ಗಳೊಳಗೆ ಹೋದದ್ದು 11.6 ಆಂಪಿಯರ್-ಗಂಟೆ. ಮೀಟರಿನ ಲೆಕ್ಕದಿಂದ ಬಂದಿದ್ದ 11.2ಕ್ಕೆ ಇದು ಎಷ್ಟು ಹತ್ತಿರವಿತ್ತೆಂದರೆ ಕಾರಣದ ಬಗ್ಗೆ ಅನುಮಾನ ಉಳಿಯಲಿಲ್ಲ.

ಪ್ಯಾಕನ್ನು ಮತ್ತೆ ಒಟ್ಟಾಗಿ ಚಾರ್ಜ್ ಮಾಡಿದಾಗ ಮೇಲಿನ ತುದಿಯಲ್ಲಿ ಸೆಲ್‌ಗಳ ವ್ಯತ್ಯಾಸ 60 ಮಿಲಿವೋಲ್ಟ್‌ನಷ್ಟಿತ್ತು. ಇಷ್ಟನ್ನು ಬಿಎಂಎಸ್‌ಗೇ ಬಿಡಬಹುದು. ಇನ್‌ವರ್ಟರ್‌ನ ಚಾರ್ಜಿಂಗ್ ಗುರಿಯನ್ನು 56.8ರಿಂದ 55.6 ವೋಲ್ಟ್‌ಗೆ, ಅಂದರೆ ಸೆಲ್‌ಗೆ 3.475ಕ್ಕೆ ಇಳಿಸಿ, ಬ್ಯಾಲೆನ್ಸಿಂಗ್ ಆರಂಭದ ಮಿತಿಯನ್ನು 3.40ಕ್ಕೆ ತಂದು, ಗುರಿ ಮುಟ್ಟಿದ ಮೇಲೆ ಎರಡು ಗಂಟೆ ಅಲ್ಲಿಯೇ ನಿಲ್ಲುವಂತೆ ಹೊಂದಿಸಲಾಯಿತು. ಈ ವೋಲ್ಟೇಜ್‌ನಲ್ಲಿಯೂ ಸೆಲ್ ಬಹುತೇಕ ಪೂರ್ತಿ ತುಂಬುತ್ತದೆ, ಮತ್ತು ಒಂದು ಸೆಲ್ ಸ್ವಲ್ಪ ಮುಂದೆ ಹೋದರೂ 3.65ಕ್ಕೆ ಮುಟ್ಟಲು ಸಾಕಷ್ಟು ಅಂತರವಿರುತ್ತದೆ. ಕೆಲವು ಬಿಸಿಲಿನ ದಿನಗಳ ನಂತರ ವ್ಯತ್ಯಾಸ 18 ಮಿಲಿವೋಲ್ಟ್‌ಗೆ ಇಳಿದಿತ್ತು. ಅದೇ ಹೀಟರ್, ಅದೇ ಬಕೆಟ್‌ಗಳಿಂದ ಮತ್ತೆ ಸಾಮರ್ಥ್ಯ ಅಳೆದಾಗ 85ರ ಜಾಗದಲ್ಲಿ 96.4 ಆಂಪಿಯರ್-ಗಂಟೆ ಸಿಕ್ಕಿತು. ಮೂರು ವರ್ಷ ದುಡಿದ ಪ್ಯಾಕ್‌ಗೆ ಇದು ಒಳ್ಳೆಯ ಅಂಕಿ.

ಆ್ಯಕ್ಟಿವ್ ಬ್ಯಾಲೆನ್ಸರ್ ಹಾಕಿಸುವ ಪ್ರಸ್ತಾಪವೂ ಬಂತು. ಚಾರ್ಜನ್ನು ಸುಡದೆ ಒಂದು ಸೆಲ್‌ನಿಂದ ಇನ್ನೊಂದಕ್ಕೆ ಒಂದೆರಡು ಆಂಪಿಯರ್‌ನ ವೇಗದಲ್ಲಿ ದಾಟಿಸುವ ಈ ಸಾಧನ ದೊಡ್ಡ ಪ್ಯಾಕ್‌ಗಳಲ್ಲಿ ನಿಜಕ್ಕೂ ಉಪಯುಕ್ತ. ಆದರೆ ಅದನ್ನು ಸದಾಕಾಲ ಚಾಲೂ ಇಟ್ಟರೆ ಸಮತಟ್ಟಾದ ಭಾಗದಲ್ಲಿ ಕಾಣುವ ನಾಲ್ಕೈದು ಮಿಲಿವೋಲ್ಟ್‌ಗಳನ್ನು ನಂಬಿ, ಚಾರ್ಜ್ ಕಡಿಮೆಯಿರುವ ಸೆಲ್‌ನಿಂದಲೇ ಹೆಚ್ಚಿರುವ ಸೆಲ್‌ಗೆ ಸಾಗಿಸಿಬಿಡಬಹುದು. ಐರನ್ ಫಾಸ್ಫೇಟ್ ಪ್ಯಾಕ್‌ಗೆ ಹಾಕುವುದಾದರೆ 3.40 ವೋಲ್ಟ್‌ಗಿಂತ ಮೇಲೆ ಮಾತ್ರ ಕೆಲಸ ಮಾಡುವಂತೆ ಮಿತಿ ಇಡಲು ಬರುವಂಥದ್ದನ್ನೇ ಆರಿಸಬೇಕು. ಇಲ್ಲಿ ಹೊರಗಿನ ಸೆಳೆತ ನಿಂತ ಮೇಲೆ 60 ಮಿಲಿಆಂಪಿಯರ್ ಧಾರಾಳವಾಗಿ ಸಾಕಾಗಿತ್ತು, ಹಾಗಾಗಿ ಬೇಡವೆಂದೆ.

ಮಳೆಗಾಲದ ಕೊರತೆಗೆ ಬೇರೆ ಪರಿಹಾರ ಮಾಡಲಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಮೂರು ವಾರಕ್ಕೊಮ್ಮೆ, ಕರೆಂಟ್ ಇರುವ ದಿನ ನೋಡಿ, ಇನ್‌ವರ್ಟರನ್ನು ಗ್ರಿಡ್ ಚಾರ್ಜಿಂಗ್‌ಗೆ ಬದಲಿಸಿ ಪ್ಯಾಕನ್ನು ಪೂರ್ತಿ ತುಂಬಿಸಿ ಆರೇಳು ಗಂಟೆ ಅಲ್ಲಿಯೇ ಇಡುವುದು. ಜಗಲಿಯ ಹಿರಿಯರಿಗೆ 48 ವೋಲ್ಟ್ ವ್ಯವಸ್ಥೆಯ ಮೀಟರ್ ತರಿಸಿ, ಇಡೀ ಪ್ಯಾಕ್‌ನ ಎರಡು ತುದಿಗಳಿಗೆ 1 ಆಂಪಿಯರ್ ಫ್ಯೂಸ್ ಮೂಲಕ ಜೋಡಿಸಲಾಗಿದೆ; ಅದೂ ಕೆಲವು ಮಿಲಿಆಂಪಿಯರ್ ಎಳೆಯುತ್ತದೆ, ಆದರೆ ಹದಿನಾರು ಸೆಲ್‌ಗಳಿಂದಲೂ ಸಮನಾಗಿ ಎಳೆಯುವುದರಿಂದ ಬ್ಯಾಲೆನ್ಸ್ ಕೆಡುವುದಿಲ್ಲ. 2025ರ ಆಗಸ್ಟ್‌ನಲ್ಲಿ, ಜಡಿಮಳೆಯ ನಡುವೆ ಹೀಗೆ ತುಂಬಿಸಿದ ಒಂದು ದಿನ, ಮನೆಯವರು ಕಳಿಸಿದ ಅಂಕಿಗಳಲ್ಲಿ ಪ್ಯಾಕ್ 55.6 ವೋಲ್ಟ್‌ನಲ್ಲಿತ್ತು, ಸೆಲ್‌ಗಳ ವ್ಯತ್ಯಾಸ 26 ಮಿಲಿವೋಲ್ಟ್ ಇತ್ತು, ಮತ್ತು ಎಲ್ಲಕ್ಕಿಂತ ಹಿಂದಿದ್ದದ್ದು ಒಂಬತ್ತನೆಯ ಸೆಲ್.